ಏರಿಯ ಅಡಿಯ ತೂಬು

ಗವಿಪುರದ ಬಳಿಯ ಕೆಂಪಾಂಬುಧಿ ಕೆರೆಗೆ ಹೋದವರು ಏರಿಯ ಮೇಲಿನ ಕೆಂಪೇಗೌಡರ ಗೋಪುರವನ್ನು ನೋಡಿ ಹಿಂದಿರುಗುತ್ತಾರೆ. ಕೆರೆಯ ತೂಬು ಎಲ್ಲಿದೆ ಎಂದು ಕೇಳುವವರು ವಿರಳ. ಹದಿನಾರನೆಯ ಶತಮಾನದ ಇಂಥ ಮಣ್ಣಿನ ಏರಿಗಳಲ್ಲಿ ಅತಿ ಹೆಚ್ಚು ನಿಗಾ ಬೇಡುತ್ತಿದ್ದ ಜಾಗ ಅದು.

ಹಳೆಯ ಮೈಸೂರು ಸೀಮೆಯ ತೂಬಿನ ರಚನೆ ಸರಳ. ಏರಿಯ ಒಳಮಗ್ಗುಲಲ್ಲಿ, ನೀರಿನ ನಡುವೆ ಎರಡು ಕಲ್ಲುಕಂಬಗಳು. ಅವುಗಳ ನಡುವಣ ಅಡ್ಡಗಲ್ಲುಗಳಲ್ಲಿ ತೂತು. ತೂತಿನ ಮೂಲಕ ಇಳಿಬಿಟ್ಟ ಮರದ ಗಳು, ಅದರ ತುದಿಯ ಗೂಟ ತಳದ ಕಂಡಿಯನ್ನು ಮುಚ್ಚಿರುತ್ತದೆ. ಗಳುವನ್ನು ಎತ್ತಿದರೆ ನೀರು ಏರಿಯ ಅಡಿಯ ಕಲ್ಲುಕಾಲುವೆಯಲ್ಲಿ ಹಾಯ್ದು ಅಚ್ಚುಕಟ್ಟಿಗೆ ಇಳಿಯುತ್ತದೆ. ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದು ನೀರುಗಂಟಿಯ ಲೆಕ್ಕ.

ಗೂಟ ಸವೆದರೆ ಒಂದಿಷ್ಟು ನೀರು ನಷ್ಟ, ಅಷ್ಟೆ. ಬೇರೆ ಗೂಟ ಹಾಕಬಹುದು. ನಿಜವಾದ ಅಪಾಯವಿರುವುದು ಕಲ್ಲಿಗೂ ಮಣ್ಣಿಗೂ ನಡುವಣ ಸಂದಿನಲ್ಲಿ. ಮಣ್ಣು ಒಣಗಿದಾಗ ಕುಗ್ಗುತ್ತದೆ, ಕಲ್ಲು ಕುಗ್ಗುವುದಿಲ್ಲ. ಆ ಬಿರುಕನ್ನು ಹಿಡಿದು ಹೊರಟ ನೀರು ಮಣ್ಣಿನ ಕಣಗಳನ್ನು ಒಯ್ಯುತ್ತ ದಾರಿಯನ್ನು ಹಿಗ್ಗಿಸಿಕೊಳ್ಳುತ್ತದೆ. ಕೊನೆಗೆ ಏರಿಯೇ ಕುಸಿಯುತ್ತದೆ. ಸಮುದ್ರದ ಹಾಯಿದೋಣಿಯ ಒಡಲಿಗೆ ಕಂಚಿನ ಕವಾಟ ಕೂರಿಸುವವರಿಗೂ ಇದೇ ಚಿಂತೆ: ಕವಾಟದಷ್ಟೇ ಅದರ ಸುತ್ತಲಿನ ಅಂಟನ್ನೂ ಅವರು ಪರೀಕ್ಷಿಸುತ್ತಾರೆ. ದೋಣಿಯನ್ನಾದರೆ ದಡಕ್ಕೆ ಎಳೆದು ನೋಡಬಹುದು. ಕೆರೆಗೆ ಬೇಸಿಗೆಯನ್ನೇ ಕಾಯಬೇಕು.

ನೀರು ತಗ್ಗಿದಾಗ ತೂಬಿನ ಬಾಯಿಯ ಹೂಳು ತೆಗೆಯುವುದು, ಸಂದುಗಳಿಗೆ ಗಾರೆ ತುಂಬುವುದು, ಸುತ್ತ ಜೇಡಿಮಣ್ಣು ಹಾಕಿ ದಮ್ಮಸು ಮಾಡುವುದು, ಏಡಿ ಮತ್ತು ಇಲಿಗಳ ಬಿಲ ಮುಚ್ಚುವುದು, ಏರಿಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೇರು ಬಿಡುವ ಮೊದಲೇ ಕೀಳುವುದು – ಇವೆಲ್ಲ ಮಳೆಗೆ ಮುಂಚಿನ ಕೆಲಸ. ಮಳೆಗಾಲದಲ್ಲಿ ನೋಡಬೇಕಾದ್ದು ಏರಿಯ ಹೊರಬುಡವನ್ನು. ತಿಳಿನೀರು ಜಿನುಗಿದರೆ ಗಮನವಿಟ್ಟು ಕಾಯಬಹುದು. ಕದಡಿದ ನೀರು ಬಂದರೆ ಏರಿಯ ಮಣ್ಣೇ ಹೋಗುತ್ತಿದೆ ಎಂದರ್ಥ. ವಿಜಯನಗರದ ರಾಜಕುಮಾರ ಭಾಸ್ಕರನ ಪೊರುಮಾಮಿಳ್ಳ ಶಾಸನ (1369) ಕೆರೆಯ ಆರು ದೋಷಗಳನ್ನು ಎಣಿಸುತ್ತದೆ. ಏರಿಯಿಂದ ನೀರು ಒಸರುವುದೂ ಅವುಗಳಲ್ಲೊಂದು.

ಈ ದುಡಿಮೆ ಬಿಟ್ಟಿಯದಾಗಿರಲಿಲ್ಲ. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಯನ್ನು ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕರೆಯುತ್ತವೆ. ತೂಬನ್ನು ನೋಡಿಕೊಂಡವನ ಅನ್ನ ಆ ಗದ್ದೆಯಿಂದಲೇ ಬರುತ್ತಿತ್ತು. ಬೆಂಗಳೂರಿನಲ್ಲಿ ಕಡಿದುಬಿದ್ದದ್ದು ಈ ಕೊಂಡಿ. 1892ರಲ್ಲಿ ಚಾಮರಾಜಪೇಟೆ ತಲೆಯೆತ್ತಿತು. 1898ರ ಪ್ಲೇಗಿನ ಹಿಂದೆಯೇ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಹೆಸರಘಟ್ಟದ ನೀರು ಕೊಳಾಯಿಗೆ ಬಂತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಬಸವನಗುಡಿಯ ಕಾರಂಜಿ ಕೆರೆ ಹೋಗಿ, ಹೆಸರು ಮಾತ್ರ ಆಂಜನೇಯನ ಗುಡಿಗೆ ಅಂಟಿಕೊಂಡಿತು. ಕೆಂಪಾಂಬುಧಿ, ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆಗಳೇನೋ ಉಳಿದವು. ಆದರೆ ಏರಿಯ ಕೆಳಗೆ ಗದ್ದೆಯಿಲ್ಲದ ಮೇಲೆ ತೂಬು ಎತ್ತಿಸುವವರು ಯಾರು?

ಇನ್ನೊಂದು ತೊಡಕೂ ಇದೆ. ಒಳಚರಂಡಿಯ ನೀರು ಸೇರುವುದರಿಂದ ನಗರದ ಹಲವು ಕೆರೆಗಳು ಈಗ ಬೇಸಿಗೆಯಲ್ಲೂ ಬತ್ತುವುದಿಲ್ಲ. ತುಂಬಿದ ಕೆರೆ ನೋಡಲು ಚೆಂದವೇ. ತೂಬಿನ ಬಾಯಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. 2019ರ ನವೆಂಬರಿನಲ್ಲಿ ನಗರದ ದಕ್ಷಿಣದ ಹುಳಿಮಾವು ಕೆರೆ ಏರಿ ಒಡೆದು, ಕೆಳಗಿನ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿತು. ಹಿಂದೆ ಗದ್ದೆಗಳಿರುತ್ತಿದ್ದದ್ದು ಏರಿಯ ಆ ಮಗ್ಗುಲಲ್ಲೇ.