ಲಿಂಕನ್ ಹುಟ್ಟಿದ ಮನೆ: ಮರ ಹೇಳಿದ ವಯಸ್ಸು

ಅಬ್ರಹಾಂ ಲಿಂಕನ್ ಮರದ ದಿಮ್ಮಿಗಳ ಮನೆಯಲ್ಲಿ ಹುಟ್ಟಿದರು ಅಂತ ನಾನೂ ಶಾಲೆಯಲ್ಲಿ ಓದಿದ್ದೆ. ನಿಜ, 1809ರಲ್ಲಿ, ಅಮೆರಿಕದ ಕೆಂಟಕಿಯ ಹಳ್ಳಿಗಾಡಲ್ಲಿ.

ಇಂಥ ಮನೆ ಕಟ್ಟೋದು ಹೀಗೆ: ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊರೆದು ಒಂದರೊಳಗೊಂದು ಕೂರಿಸ್ತಾರೆ. ಸಂದಿಗಳಿಗೆ ಜೇಡಿಮಣ್ಣು. ಗೋಡೆಗೆ ಮೊಳೆ ಬೇಕಿಲ್ಲ. ಹಾಗಾಗಿ ಬಿಚ್ಚಿ, ಬೇರೆ ಕಡೆ ಒಯ್ದು ಮತ್ತೆ ಜೋಡಿಸಬಹುದು.

ಎಡವಟ್ಟಾಗಿದ್ದೂ ಇಲ್ಲೇ. ‘ಲಿಂಕನ್ ಹುಟ್ಟಿದ ಮನೆ’ ಅಂತ ಒಂದನ್ನು ಬಿಚ್ಚಿ ಊರೂರಲ್ಲಿ ಪ್ರದರ್ಶಿಸಿದರು. ಕೊನೆಗೆ, 1911ರಲ್ಲಿ ಉದ್ಘಾಟನೆಯಾದ ಸ್ಮಾರಕದೊಳಗೆ ಇಡೋಕೆ ಅದನ್ನು ಕಿರಿದೂ ಮಾಡಿದರು. 2004ರಲ್ಲಿ ಮರದ ಉಂಗುರಗಳನ್ನು ಪರೀಕ್ಷಿಸಿದಾಗ, ಅತಿ ಹಳೆಯ ದಿಮ್ಮಿಯೇ 1848ರದ್ದು! ಆಗ ಲಿಂಕನ್‌ಗೆ 39 ವರ್ಷ. ಈಗ ಅದನ್ನು ‘ಸಾಂಕೇತಿಕ’ ಮನೆ ಅಂತಾರೆ.

ಯಾರಾದರೂ ಹಳೇ ಮನೆ ತೋರಿಸಿ ಕಥೆ ಹೇಳಿದರೆ, ನಾನೀಗ ಮೊದಲು ಅದರ ಮರದ ವಯಸ್ಸು ಕೇಳ್ತೀನಿ.