ಸೈಕಲ್ಲಿನ ಬೀಗದ ಕೈ

ಮುಂದಿನ ಭಾನುವಾರ ನಮ್ಮ ಮನೆಯ ಐದು ಮಂದಿ ಬೊಮ್ಮಸಂದ್ರದಿಂದ ಹುಸ್ಕೂರಿಗೆ ಸೈಕಲ್ ಮೇಲೆ ಹೋಗಿಬರುವುದೆಂದು ನಿಶ್ಚಯವಾಗಿದೆ. ಮಗಳು, ಅಳಿಯ, ಹನ್ನೊಂದು ವರ್ಷದ ಮೊಮ್ಮಗಳು, ನಾನು ಮತ್ತು ನನ್ನ ತಂಗಿ. ಹೋಗಿಬರುವ ದಾರಿ ಹೆಚ್ಚೆಂದರೆ ಹದಿನೈದು ಕಿಲೋಮೀಟರು. ಇಷ್ಟಕ್ಕೆ ಒಂದು ತಿಂಗಳಿಂದ ಸಿದ್ಧತೆ ನಡೆದಿದೆಯೆಂದರೆ ಓದುಗರು ನಕ್ಕಾರು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾವ ಕೆಲಸಕ್ಕೆ ಕೈಹಾಕಿದರೂ ಅದರ ಹಿಂದಿನದನ್ನು ಕೆದಕದೆ ಮನಸ್ಸು ಸುಮ್ಮನಿರದು. ಹಾಗೆ ಕೆದಕುತ್ತ ಹೋದಾಗ ಈ ಸಿದ್ಧತೆ ತಿಂಗಳಿನದಲ್ಲ, ಐವತ್ತು ವರ್ಷದಷ್ಟು ತಡವಾದದ್ದು ಎಂಬುದು ನನಗೆ ತಿಳಿಯಿತು.

ನಮ್ಮ ಕುಟುಂಬದ ಮೊದಲ ಸೈಕಲ್ ಪ್ರವಾಸ ನಡೆದದ್ದು 1967ರ ಸುಮಾರಿಗೆ. ಅದೂ ಹುಸ್ಕೂರಿಗೇ, ಮದ್ದೂರಮ್ಮನ ಜಾತ್ರೆಗೆ. ಸುತ್ತಣ ಹಳ್ಳಿಗಳವರು ಗೋಪುರದೆತ್ತರದ ತೇರುಗಳನ್ನು ಕಟ್ಟಿ ಎಳೆದು ತರುವ ಆ ಜಾತ್ರೆ ಆನೇಕಲ್ ಸೀಮೆಗೆಲ್ಲ ಹೆಸರಾದದ್ದು. ಹಿಂದಿನ ಸಂಜೆಯೇ ತಂದೆಯವರು ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕಿನ ರಬ್ಬರು ಸವೆದಿದೆಯೇ ಎಂದು ನೋಡಿ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಪರೀಕ್ಷಿಸಿದರು. ಸೀಮೆಎಣ್ಣೆ ದೀಪದ ಬತ್ತಿಯನ್ನು ಕತ್ತರಿಸಿ ಸರಿಪಡಿಸಿದರು. ವರ್ಷದ ತೆರಿಗೆ ಕಟ್ಟಿ ಪಡೆದ ಲೋಹದ ಬಿಲ್ಲೆಯನ್ನು ಬಟ್ಟೆಯಿಂದ ಉಜ್ಜಿ ಹೊಳಪು ಬರಿಸಿದರು. ಇಂದಿನ ಮಕ್ಕಳಿಗೆ ನಂಬುವುದು ಕಷ್ಟ; ಆ ಕಾಲದಲ್ಲಿ ಸೈಕಲ್ಲಿಗೂ ತೆರಿಗೆಯಿತ್ತು, ದೀಪವಿಲ್ಲದೆ ರಾತ್ರಿ ಹೊರಟರೆ ದಂಡವಿತ್ತು. ತಾಯಿಯವರ ಸಿದ್ಧತೆಯೇ ಬೇರೆ. ಪುಳಿಯೋಗರೆಯ ಬುತ್ತಿ, ನೀರಿನ ಚೊಂಬು, ಸೆರಗು ಚಕ್ರಕ್ಕೆ ಸಿಕ್ಕದಂತೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುವುದು. ನಾನು ಮುಂದೆ ಬಾರಿನ ಮೇಲೆ, ಮಡಿಸಿದ ಟವೆಲಿನ ಮೇಲೆ. ತಾಯಿ ಹಿಂದೆ ಕ್ಯಾರಿಯರ್ ಮೇಲೆ. ಅವರ ತೊಡೆಯ ಮೇಲೆ ನಾಲ್ಕು ವರ್ಷದ ತಂಗಿ. ಏರು ಬಂದಲ್ಲೆಲ್ಲ ತಾಯಿ ಇಳಿದು, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಡೆದರು. ಡಬ್ಬಲ್ ಸವಾರಿ ಕಂಡರೆ ಚಕ್ರದ ಗಾಳಿ ಬಿಡುತ್ತಿದ್ದ ಪೊಲೀಸರು ನಮ್ಮ ಹಳ್ಳಿದಾರಿಗೆ ಬರುತ್ತಿರಲಿಲ್ಲವೆಂಬುದೇ ನಮ್ಮ ಪುಣ್ಯ.

ನಾಲ್ವರನ್ನು ಹೊತ್ತ ಈ ಯಂತ್ರ ನಮ್ಮಲ್ಲಿಗೆ ಬಂದ ಬಗೆ ಸ್ವಾರಸ್ಯವಾದದ್ದು. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರಗಳ ಮರದ ವಾಹನವೊಂದನ್ನು ಓಡಿಸಿ ತೋರಿಸಿದ. ಅದಕ್ಕೆ ಪೆಡಲು ಇರಲಿಲ್ಲ; ಕುಳಿತವನು ಕಾಲಿನಿಂದ ನೆಲವನ್ನು ಒದ್ದು ಮುಂದೆ ಸಾಗಬೇಕಾಗಿತ್ತು. ಪೆಡಲು ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಸೈಕಲ್ಲುಗಳ ಕಾಲವೊಂದು ಬಂತು. ಅದರಿಂದ ಬಿದ್ದವರು ತಲೆಯೂರಿ ಬೀಳುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ ಎರಡೂ ಚಕ್ರಗಳನ್ನು ಹೆಚ್ಚುಕಡಿಮೆ ಸಮ ಮಾಡಿ, ಹಿಂದಿನ ಚಕ್ರಕ್ಕೆ ಚೈನು ಜೋಡಿಸಿ, ಇಂದಿಗೂ ನಾವು ತುಳಿಯುತ್ತಿರುವ ರೂಪವನ್ನು ಕೊಟ್ಟ. ಮೂರು ವರ್ಷದ ಬಳಿಕ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ. ಅವನಿಗೆ ಅದು ಹೊಳೆದದ್ದು ತನ್ನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡದಿರಲಿ ಎಂಬ ಚಿಂತೆಯಿಂದ. ಒಬ್ಬ ತಂದೆಯ ಕಾಳಜಿ ಲೋಕದ ಚಕ್ರಗಳಿಗೆಲ್ಲ ಗಾಳಿ ತುಂಬಿತು.

ಕನ್ನಡನಾಡಿನ ಹಳ್ಳಿಗನಿಗೆ ಈ ವಸ್ತು ಮೊದಲು ಹೇಗೆ ಕಂಡಿರಬೇಕೆಂಬುದನ್ನು ತಿಳಿಯಲು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯನ್ನು ಓದಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಪಾದ್ರಿಯ ಮೂಲಕ ಬಂದ ಬೈಸಿಕಲ್ಲು ಅಲ್ಲಿನ ಜನರ ಬಾಯಲ್ಲಿ 'ಬೀಸೆಕಲ್ಲು' ಆಗುತ್ತದೆ. ಕಾಣದ ವಸ್ತುವನ್ನು ಕಂಡ ವಸ್ತುವಿನ ಹೆಸರಿನಿಂದ ಹಿಡಿಯುವುದು ಭಾಷೆಯ ಜಾಣತನ. ಸ್ವಾತಂತ್ರ್ಯಾನಂತರ ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ (1949), ಸೋನೀಪತ್‌ನಲ್ಲಿ ಅಟ್ಲಾಸ್ (1951), ಲೂಧಿಯಾನದಲ್ಲಿ ಹೀರೋ (1956) ತಲೆಯೆತ್ತಿದ ಮೇಲೆ ಈ ಬೀಸೆಕಲ್ಲು ಹಳ್ಳಿಯ ಮೇಷ್ಟರಿಗೂ ಎಟುಕುವಂತಾಯಿತು. ಆದರೂ ಅದೊಂದು ಆಸ್ತಿಯೇ. ವರನಿಗೆ ಕೊಡಬೇಕಾದವುಗಳ ಪಟ್ಟಿಯಲ್ಲಿ ವಾಚು, ರೇಡಿಯೋಗಳ ಜೊತೆಗೆ ಸೈಕಲ್ಲೂ ಇರುತ್ತಿತ್ತು. ವಧುವಿಗೆ ಸೈಕಲ್ ಕೊಟ್ಟದ್ದನ್ನು ನಾನು ಕೇಳಿದವನಲ್ಲ.

ಇಲ್ಲಿ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 1975ರ ಬೇಸಗೆ. ನಾನು ತಂದೆಯವರ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದೆ. ತಂಗಿ ಆಗತಾನೆ ಏಳನೆಯ ತರಗತಿ ಮುಗಿಸಿದ್ದಳು. ಹೈಸ್ಕೂಲು ಇದ್ದದ್ದು ನಾಲ್ಕು ಮೈಲಿ ದೂರದಲ್ಲಿ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಅವಳು ಸೈಕಲ್ಲನ್ನು ಕೆರೆಯ ಏರಿಯ ಹಿಂದಕ್ಕೆ ತಳ್ಳಿಕೊಂಡು ಹೋಗಿ, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುವುದನ್ನು ಕಲಿಯತೊಡಗಿದಳು. ಒಂದು ದಿನ ಬಿದ್ದು ಮೊಣಕಾಲು ತರಚಿಕೊಂಡಳು. ಸೈಕಲ್ಲಿನ ಮಡ್‌ಗಾರ್ಡೂ ಸೊಟ್ಟಗಾಯಿತು. ಆ ಸೊಟ್ಟು ನನ್ನ ತಲೆಗೆ ಬಂದೀತೆಂಬ ಭಯದಿಂದ ನಾನು ತಂದೆಯವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಗದರಲಿಲ್ಲ, ಹೊಡೆಯಲಿಲ್ಲ. "ಹುಡುಗಿ ಕೈಕಾಲು ಮುರ್ಕೊಂಡ್ರೆ ನಾಳೆ ಗತಿ ಏನು?" ಎಂದಷ್ಟೇ ಹೇಳಿ, ಮಾರನೆಯ ದಿನ ಸಂತೆಯಿಂದ ಒಂದು ಬೀಗ ತಂದರು. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಬೆಳಿಗ್ಗೆ ನನಗೆ ಬಿಚ್ಚಿ ಕೊಡುತ್ತಿದ್ದರು, ಸಂಜೆ ಹಿಂದಕ್ಕೆ ಪಡೆಯುತ್ತಿದ್ದರು. ನಾಲ್ಕು ಮೈಲಿ ಒಬ್ಬಳೇ ನಡೆದು ಹೋಗುವುದು ಬೇಡವೆಂದು ತಂಗಿಯ ಓದು ಏಳಕ್ಕೇ ನಿಂತಿತು. ತಂದೆಯವರು ಕೆಟ್ಟವರಲ್ಲ, ಕಾಲ ಹಾಗಿತ್ತು ಎಂದು ಹೇಳುವುದು ಸುಲಭ. ಆದರೆ ಆ ಕಾಲದಲ್ಲಿ ಚಾಡಿ ಹೇಳಿದವನು ನಾನು.

ಸೈಕಲ್ಲಿಗೂ ಹೆಣ್ಣುಮಕ್ಕಳಿಗೂ ಇರುವ ನಂಟು ಎಂಥದೆಂಬುದನ್ನು ಮುಂದೆ ನಾನು ಪುಸ್ತಕಗಳಿಂದ ತಿಳಿದೆ. 1890ರ ದಶಕದಲ್ಲಿ ಯೂರೋಪು, ಅಮೆರಿಕಗಳ ಹೆಂಗಸರು ಸೈಕಲ್ ತುಳಿಯಲು ಹೊರಟಾಗ ಅವರ ನೆಲಗುಡಿಸುವ ಲಂಗಗಳೇ ಬದಲಾಗಬೇಕಾಯಿತು. ಅದಕ್ಕೆ ದೊಡ್ಡ ಗದ್ದಲವೇ ಆಯಿತು. ನಮ್ಮ ನೆರೆಯ ತಮಿಳುನಾಡಿನ ಪುದುಕ್ಕೋಟ್ಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಜಿಲ್ಲಾಧಿಕಾರಿ ಷೀಲಾರಾಣಿ ಚುಂಕತ್ ಅವರ ಉತ್ತೇಜನದಿಂದ, ಸಾಕ್ಷರತಾ ಆಂದೋಲನದ ಅಂಗವಾಗಿಯೇ ಹಳ್ಳಿಯ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಅಕ್ಷರದ ಜೊತೆಗೆ ಚಕ್ರ. ಲೇಡೀಸ್ ಸೈಕಲ್ ಸಿಗದಿದ್ದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಬಾರಿದ್ದರೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಕೆಲವರು ಅದನ್ನೇ ಮೆಚ್ಚಿದರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ನಮ್ಮ ತಾಯಿ ಕ್ಯಾರಿಯರ್ ಮೇಲೆ ಕುಳಿತು ನೋಡಿದ ಅದೇ ಬಾರು.

2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಆಗ ನಾನು ಸೇವೆಯಲ್ಲಿದ್ದೆ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಹೊಸ ಸೈಕಲ್ಲುಗಳನ್ನು ಹೆಸರು ಕರೆದು ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿಯರ ಕೈಗೆ ಬೀಗದ ಕೈ ಇಡುವಾಗಲೆಲ್ಲ ನನ್ನ ಬೆರಳು ಒಂದು ಕ್ಷಣ ತಡೆಯುತ್ತಿತ್ತು. ಅದೇ 2006ರಲ್ಲಿ ಬಿಹಾರವೂ ಹೆಣ್ಣುಮಕ್ಕಳ ಸೈಕಲ್ ಯೋಜನೆಯನ್ನು ತಂದಿತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಹುಡುಗಿಯರು ಪ್ರೌಢಶಾಲೆಗೆ ಸೇರುವ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತೆಂದೂ, ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಇದರ ಪರಿಣಾಮ ಎದ್ದು ಕಂಡಿತೆಂದೂ 2017ರಲ್ಲಿ ಪ್ರಕಟಿಸಿದರು. ಮೂರು ಕಿಲೋಮೀಟರು! ನಮ್ಮ ಮನೆಯಲ್ಲಿ ಅದು ಆರೂವರೆ ಇತ್ತು. ಲೆಕ್ಕ ಓದಿದಾಗ ಅದು ಬಿಹಾರದ್ದೆಂದು ನನಗೆ ಅನ್ನಿಸಲೇ ಇಲ್ಲ.

ಸೀಟಿನ ಕಥೆ ಇದಾದರೆ, ದಾರಿಯ ಕಥೆ ಇನ್ನೊಂದು. ನನ್ನ ಬಾಲ್ಯದ ಹೊಸೂರು ರಸ್ತೆಯಲ್ಲಿ ಎತ್ತಿನ ಗಾಡಿ, ಸೈಕಲ್ಲು, ಅಪರೂಪಕ್ಕೊಂದು ಲಾರಿ ಒಟ್ಟಿಗೆ ಬಾಳಿದ್ದವು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊಳೆಯಿತು. ನಮ್ಮ ಬೊಮ್ಮಸಂದ್ರದ ಹೊಲಗಳಲ್ಲಿ ಕೈಗಾರಿಕಾ ಪ್ರದೇಶ ಎದ್ದಿತು. 2010ರ ಜನವರಿಯಲ್ಲಿ ಮೇಲ್ಸೇತುವೆಯ ಹೆದ್ದಾರಿ ತೆರೆಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹದಿನಾರು ನಿಲ್ದಾಣಗಳ ಹಳದಿ ಮಾರ್ಗದ ಮೆಟ್ರೋ ಬಂತು. ಇವೆಲ್ಲ ಬೇಕಾದವುಗಳೇ, ನನ್ನ ಮಗಳು, ಅಳಿಯ ಅನ್ನ ತಿನ್ನುತ್ತಿರುವುದು ಇವುಗಳಿಂದಲೇ. ಆದರೆ ಊಟದ ಡಬ್ಬಿಯನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಇಂದಿಗೂ ಸೈಕಲ್ ಮೇಲೆ ಕಾರ್ಖಾನೆಗೆ ಹೋಗುವ ಕಾರ್ಮಿಕನಿಗೆ ಈ ಎಲ್ಲ ಕಟ್ಟುವಿಕೆಯ ನಡುವೆ ಮೂರಡಿ ಜಾಗ ಸಿಕ್ಕಿಲ್ಲ. ಅಂದು ಪ್ರವಾಸದ ಸಿದ್ಧತೆಯೆಂದರೆ ಯಂತ್ರವನ್ನು ಅಣಿಗೊಳಿಸುವುದು. ಇಂದು ಅದರ ಮುಕ್ಕಾಲು ಪಾಲು ದಾರಿಯನ್ನು ಹುಡುಕುವುದು.

ಆದಕಾರಣ ನಾವು ಮಾಡಿಕೊಂಡ ಏರ್ಪಾಡನ್ನು, ಮನೆಮಂದಿಯನ್ನು ಕರೆದುಕೊಂಡು ಹೊರಡಬಯಸುವವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಹೊರಡುವ ವಾರದ ಮುಂಚೆ, ಅದೇ ವಾರದಂದು ಅದೇ ಹೊತ್ತಿಗೆ, ಹಿರಿಯರೊಬ್ಬರು ದಾರಿಯನ್ನು ಒಮ್ಮೆ ತುಳಿದು ನೋಡಬೇಕು. ಭಾನುವಾರ ಬೆಳಿಗ್ಗೆ ಆರರ ದಾರಿಯೂ ಒಂಬತ್ತರ ದಾರಿಯೂ ಒಂದೇ ಅಲ್ಲ. ಹೆದ್ದಾರಿಯನ್ನು ಎಲ್ಲರೂ ಇಳಿದು, ಸೈಕಲ್ ತಳ್ಳಿಕೊಂಡೇ ದಾಟಬೇಕು. ಮುಂದೆ ಒಬ್ಬ ಹಿರಿಯ, ನಡುವೆ ಮಗು, ಎಲ್ಲರಿಗಿಂತ ಗಟ್ಟಿಗ ಕೊನೆಯಲ್ಲಿ. ವೇಗವನ್ನು ನಿರ್ಧರಿಸಬೇಕಾದವರು ಎಲ್ಲರಿಗಿಂತ ನಿಧಾನಿಗಳು. ಗಾಳಿ ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಪಂಪು, ಸಲ್ಯೂಷನ್, ಪಂಕ್ಚರ್ ಪಟ್ಟಿ, ನೀರು, ಮಗುವಿಗೆ ಹೆಲ್ಮೆಟ್, ಹಗಲಾದರೂ ಹಿಂದೊಂದು ಕೆಂಪು ದೀಪ. ಬುತ್ತಿ ಪುಳಿಯೋಗರೆಯದೇ.

ಇನ್ನು ತಂಗಿಯ ವಿಷಯ. ಪ್ರವಾಸದ ಮಾತೆತ್ತಿದಾಗ ಅಳಿಯ ಸಹಜವಾಗಿ, "ಅತ್ತೆ ಕಾರಿನಲ್ಲಿ ಬರಲಿ" ಎಂದ. ಅವಳು ನನ್ನ ಕಡೆ ತಿರುಗಿ, "ಅಣ್ಣ, ಈ ಸಲ ನಾನೂ ತುಳೀತೀನಿ" ಎಂದಳು. ಅರವತ್ತೆರಡು ದಾಟಿದ ಅವಳನ್ನು ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದೆವು. ನಾಲ್ಕು ಭಾನುವಾರ, ಕಾರ್ಖಾನೆಗಳಿಗೆ ರಜೆಯಿದ್ದು ಬರಿದಾದ ರಸ್ತೆಯಲ್ಲಿ ಅಭ್ಯಾಸ ನಡೆಯಿತು. ಮೊದಲ ದಿನ ಪೆಡಲುಗಳನ್ನು ಬಿಚ್ಚಿಟ್ಟು, ಎರಡೂ ಪಾದ ನೆಲಕ್ಕೆ ಊರುವಂತೆ ಸೀಟನ್ನು ಇಳಿಸಿ, ಕಾಲಿನಿಂದ ನೆಲ ಒದ್ದು ಸಾಗುವಂತೆ ಹೇಳಿದೆ. 1817ರ ಡ್ರೈಸ್ ಮಹಾಶಯನ ವಿಧಾನವೇ. ಸಮತೋಲ ಮೊದಲು, ಪೆಡಲು ಆಮೇಲೆ. ಗುರುವಾದ ಮೊಮ್ಮಗಳು ಪಕ್ಕದಲ್ಲೇ ಓಡುತ್ತ, "ಅಜ್ಜಿ, ಕೆಳಗೆ ನೋಡಬೇಡ, ಮುಂದೆ ನೋಡು" ಎಂದು ಕೂಗುತ್ತಿದ್ದಳು. ಮೂರನೆಯ ಭಾನುವಾರ ತಂಗಿ ಯಾರ ಕೈಯಾಸರೆಯೂ ಇಲ್ಲದೆ ಒಂದು ಕಾರ್ಖಾನೆಯ ಗೋಡೆಯುದ್ದಕ್ಕೂ ಹೋಗಿ, ತಿರುಗಲು ಬಾರದೆ, ಇಳಿದು, ಸೈಕಲ್ಲನ್ನು ತಿರುಗಿಸಿಕೊಂಡು, ಮತ್ತೆ ಹತ್ತಿ ಬಂದಳು.

ಅವಳಿಗೊಂದು ಹೊಸ ಸೈಕಲ್ ತಂದಿದ್ದೇವೆ. ನಿನ್ನೆ ಸಂಜೆ ಅಂಗಳದಲ್ಲಿ ಅದರ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅವಳು ಬಂದು ನಿಂತು, "ಅಣ್ಣ, ಇದರ ಬೀಗದ ಕೈ ಯಾರ ಹತ್ರ ಇರುತ್ತೆ?" ಎಂದು ಕೇಳಿದಳು. ಹಾಸ್ಯಕ್ಕೆ ಕೇಳಿದಳೋ, ನಿಜವಾಗಿ ಕೇಳಿದಳೋ ನನಗೆ ತಿಳಿಯಲಿಲ್ಲ. ಎಣ್ಣೆಗೈಯನ್ನು ಬಟ್ಟೆಗೆ ಒರಸಿಕೊಂಡು, ಎರಡು ಕೈಗಳಿದ್ದ ಗೊಂಚಲನ್ನು ಹಾಗೆಯೇ ಅವಳಿಗೆ ಕೊಟ್ಟೆ. ಒಂದನ್ನೂ ನನ್ನಲ್ಲಿ ಇಟ್ಟುಕೊಳ್ಳಲಿಲ್ಲ.