ಸಾವನದುರ್ಗದ ಸೀಮೆಯೂ ಭಾವಚಿತ್ರದ ಸಾಕ್ಷ್ಯವೂ

ಮಾಗಡಿ ಸೀಮೆಯ ಸಾವನದುರ್ಗವು ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳಿಂದ ಕೂಡಿದ ಮಹಾಶಿಲೆ. ಅದರ ತಪ್ಪಲಿನಲ್ಲಿ ಶ್ರೀ ವೀರಭದ್ರಸ್ವಾಮಿಯ ಸನ್ನಿಧಿಯಿರುವುದನ್ನು ಭಕ್ತಾದಿಗಳು ಬಲ್ಲರು. 1791ನೆಯ ಡಿಸೆಂಬರ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆಯು ಟಿಪ್ಪು ಸುಲ್ತಾನನ ವಶದಲ್ಲಿದ್ದ ಈ ದುರ್ಗವನ್ನು ಹಿಡಿಯಿತು. ಆ ಯುದ್ಧಕಾಲದಲ್ಲಿ ದಂಡಿನೊಡನಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬರೆದ ದುರ್ಗದ ನೋಟವು 1794ರಲ್ಲಿ ಮುದ್ರಿತವಾಯಿತು. ಹೀಗೆ ಬಂಡೆಯ ರೂಪವು ಉಳಿಯಿತು. ಅದರ ಬುಡದಲ್ಲಿ ಬಾಳಿದ ಬಡಜನರ ಮುಖವಾದರೋ ಕಾಲಗರ್ಭವನ್ನು ಸೇರಿತು. ಆಗ ತನ್ನ ರೂಪವನ್ನು ಬರೆಯಿಸಿಕೊಳ್ಳುವ ಅನುಕೂಲವು ಅರಸರಿಗೂ ಸಿರಿವಂತರಿಗೂ ಮಾತ್ರವೇ ಇದ್ದಿತು.

1839ರಲ್ಲಿ ಫ್ರಾನ್ಸ್ ದೇಶದ ಡಾಗೇರನ ಛಾಯಾಗ್ರಹಣ ವಿಧಾನವು ಪ್ರಕಟವಾದ ಬಳಿಕ ಈ ಕೊರತೆಯು ಕ್ರಮೇಣ ನೀಗಿತು. ಮೊದಮೊದಲು ಫಲಕದ ಮೇಲೆ ಬಿಂಬವು ಮೂಡಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಕುಳಿತವರು ಅಲುಗದೆ ಇರಬೇಕಾಗಿತ್ತು. ತಲೆಯ ಹಿಂದೆ ಕಬ್ಬಿಣದ ಆಸರೆಯನ್ನಿಡುವುದೂ ಉಂಟು. ಹಳೆಯ ಪಟಗಳಲ್ಲಿನ ಬಿಗುಮಾನವನ್ನು ಕಂಡು ಪೂರ್ವಿಕರು ಕಠಿನಹೃದಯರೆಂದು ಬಗೆಯಲಾಗದು. ಅದು ಯಂತ್ರದ ಗುಣ, ವ್ಯಕ್ತಿಯ ಗುಣವಲ್ಲ. ಮುಂದೆ ಕ್ಷಣಾರ್ಧದ ಮುಗುಳ್ನಗೆಯನ್ನೂ ಹಿಡಿಯುವ ಸಾಮರ್ಥ್ಯವು ಯಂತ್ರಕ್ಕೆ ಬಂದಿತು. ಆದರೆ ಒಂದು ಕ್ಷಣದ ನಗೆಯಿಂದ ಒಂದು ಬಾಳಿನ ಶೀಲವನ್ನು ನಿರ್ಣಯಿಸುವುದೂ ಯುಕ್ತವಲ್ಲ.

ಹಾಗಾದರೆ ಶೀಲವು ಭಾವಚಿತ್ರದಲ್ಲಿ ತೋರುವ ಬಗೆ ಯಾವುದು? ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ನೆಯ ಏಪ್ರಿಲ್ 1ರಂದು ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಪಟಗಳು ಇದಕ್ಕೆ ಉತ್ತರವನ್ನೀಯುತ್ತವೆ. 1930ರಲ್ಲಿ ಸನ್ಯಾಸವನ್ನು ಸ್ವೀಕರಿಸಿದ ಶ್ರೀಗಳವರು 2019ನೆಯ ಜನವರಿ 21ರಂದು ಲಿಂಗೈಕ್ಯರಾದರು. ಈ ದೀರ್ಘಾವಧಿಯ ಪಟಗಳನ್ನು ಸಾಲಾಗಿರಿಸಿ ನೋಡಿದರೆ ಬೆನ್ನು ಬಾಗುತ್ತದೆ, ಕೆನ್ನೆ ಕೃಶವಾಗುತ್ತದೆ. ಕಾವಿಯೂ ವಿಭೂತಿಯೂ ದೃಷ್ಟಿಯ ಸ್ಥಿರತೆಯೂ ಮಾತ್ರ ಬದಲಾಗವು. ದೇಶದ ಗಣ್ಯರ ಪಕ್ಕದಲ್ಲಿದ್ದಾಗಲೂ ಮಠದ ಮಕ್ಕಳ ನಡುವೆ ಇದ್ದಾಗಲೂ ಮುಖದ ಭಾವವು ಒಂದೇ. ಒಂದು ಪಟವು ಚಹರೆಯನ್ನು ತಿಳಿಸುತ್ತದೆ. ಹಲವು ಪಟಗಳಲ್ಲಿ ಬದಲಾಗದೆ ನಿಂತುದು ಶೀಲವನ್ನು ತಿಳಿಸುತ್ತದೆ.

ಆದರೂ ಪಟಕ್ಕೆ ಎಟುಕದುದು ಬಹಳವಿದೆ. ಮುಂಜಾವಿನ ಇಷ್ಟಲಿಂಗಪೂಜೆಯ ಏಕಾಗ್ರತೆ, ಸಾವಿರಾರು ಮಕ್ಕಳ ಹಸಿವನ್ನು ಹಿಂಗಿಸಿದ ದಾಸೋಹದ ಒಲೆಯ ಬಿಸಿ, ಇವನ್ನು ಯಾವ ಫಲಕವೂ ಹಿಡಿಯಲಾರದು. ನಡೆದಾಡುವ ದೇವರೆಂದು ಜನರು ಕರೆದ ಮಹನೀಯರನ್ನು ಕಟ್ಟಿನೊಳಗೆ ನಿಲ್ಲಿಸಿ ಮರೆಯುವುದು ಭಕ್ತಿಯಾಗದು. ಪಟಕ್ಕೆ ಹೂವಿನ ಹಾರವನ್ನಿಟ್ಟ ಕೈಯು ಹಸಿದವನ ಎಲೆಗೆ ಅನ್ನವನ್ನೂ ಬಡಿಸಿದರೆ ಆ ದರ್ಶನವು ಸಾರ್ಥಕವಾಗುವುದು.